ಅಕ್ಕ ಹೇಳಿದ ಜಪಾನಿ ಕತೆ

ಆ ಜಪಾನಿ ಧಾರಾವಾಹಿ ನಮ್ಮ ಮನೆಗೆ ಬಂದದ್ದು ಮಗಳ ಕಾಲೇಜಿನ ರಜೆಯಲ್ಲಿ. ಬಹಳ ಹಳೆಯದಂತೆ, ದೇಶದೇಶಗಳ ಜನ ನೋಡಿದ್ದಂತೆ. ಮಗಳು ಫೋನಿನಲ್ಲಿ ಹುಡುಕಿ ಟಿವಿಗೆ ಹಚ್ಚಿದಳು. ಒಂದೊಂದು ಕಂತು ಕಾಲು ಗಂಟೆಯದು. ಬಡ ರೈತನ ಮಗಳೊಬ್ಬಳನ್ನು ಅಕ್ಕಿಯ ಚೀಲಕ್ಕೆ ಬದಲಾಗಿ ಇನ್ನೊಬ್ಬರ ಮನೆಗೆ ದುಡಿಯಲು ಕಳಿಸುತ್ತಾರೆ. ಅಲ್ಲಿಂದ ಅವಳ ಕಷ್ಟ ಶುರುವಾಗಿ ಮುದುಕಿಯಾಗುವವರೆಗೂ ಮುಗಿಯುವುದಿಲ್ಲ. ಮಾತೆಲ್ಲ ಜಪಾನಿಯದು, ಕೆಳಗೆ ಇಂಗ್ಲಿಷ್ ಅಕ್ಷರ. ಅದನ್ನು ಓದಿ ಮಗಳು ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು.

ನಾನು ಟಿವಿ ನೋಡುವವನಲ್ಲ. ಬೈಲಹೊಂಗಲದಲ್ಲಿ ನನ್ನದು ಕಬ್ಬಿಣದ ಕೆಲಸದ ಶೆಡ್ಡು. ಟ್ರ್ಯಾಕ್ಟರಿನ ಟ್ರೇಲರು, ಬಿತ್ತುವ ಕೂರಿಗೆ, ಮನೆಯ ಗೇಟು ಮಾಡುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಕಿತ್ತೂರಿನಿಂದ ರಾಮದುರ್ಗದವರೆಗೆ ನಾನು ಕಟ್ಟಿದ ಟ್ರೇಲರುಗಳು ಓಡಾಡುತ್ತವೆ, ಒಂದರದಾದರೂ ಬೆಸುಗೆ ಬಿಟ್ಟಿತೆಂಬ ಮಾತು ಈವರೆಗೆ ನನ್ನ ಕಿವಿಗೆ ಬಿದ್ದಿಲ್ಲ. ಮಧ್ಯಾಹ್ನ ಉಣ್ಣಲು ಮನೆಗೆ ಬರುತ್ತೇನೆ. ಅವರು ಧಾರಾವಾಹಿ ಹಚ್ಚುವುದೂ ಅದೇ ಹೊತ್ತಿಗೆ. ಹೀಗಾಗಿ ಆ ಜಪಾನಿ ಹೆಂಗಸಿನ ಬಾಳಿನಲ್ಲಿ ನನಗೆ ಗೊತ್ತಿರುವುದು ನಾನು ಉಣ್ಣುವಾಗ ನಡೆದಷ್ಟು ಮಾತ್ರ.

ಹೊತ್ತು ಗೊತ್ತು ಮಾಡಿದವಳು ನನ್ನ ಅಕ್ಕ. ಅವಳು ರೊಟ್ಟಿ ಬಡಿಯುತ್ತಾಳೆ. ಬೆಳಕು ಹರಿಯುವ ಮೊದಲೇ ಎಸರಿಟ್ಟು, ಜೋಳದ ಹಿಟ್ಟು ನಾದಿ, ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಊರಿನ ಖಾನಾವಳಿಗಳಿಗೆ ಬಿಸಿ ರೊಟ್ಟಿ, ದೂರ ಹೋಗುವವರಿಗೆ ಖಡಕ್ ರೊಟ್ಟಿ. ಕೆಲಸ ಮುಗಿಸಿ ಖಡಕ್ ರೊಟ್ಟಿಗಳನ್ನು ಪಾಕೀಟಿಗೆ ತುಂಬುವ ಹೊತ್ತೇ ಧಾರಾವಾಹಿಯ ಹೊತ್ತು. ಅಕ್ಕನ ಜೊತೆ ತುಂಬಲು ಕೂಡುತ್ತಿದ್ದವರು ನಮ್ಮ ಅವ್ವ ಮತ್ತು ಎದುರು ಮನೆಯ ಟೆಂಪೊ ಚಾಲಕನ ಹೆಂಡತಿ. ಆಕೆ ಮುಸಲ್ಮಾನರವಳು, ಅಕ್ಕನಿಗಿಂತ ಚಿಕ್ಕವಳು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು.

ಒಂದು ದಿನ ಟಿವಿಯಲ್ಲಿ ಆ ಜಪಾನಿ ಸೊಸೆಯನ್ನು ಅತ್ತೆ ಗೋಳು ಹೊಯ್ದುಕೊಳ್ಳುತ್ತಿದ್ದಳು. ಅವ್ವ ಹೇಳಿದಳು, "ಅತ್ತಿದೇರ್ನ ಎಲ್ಲಾ ದೇಶದಾಗೂ ಒಂದ ಅಚ್ಚಿನಾಗ ತಗದಾರ ನೋಡ."

"ನೀವೂ ಅತ್ತೀನ ಅಲ್ರಿ ಅವ್ವಾರ?" ಎಂದಳು ಎದುರು ಮನೆಯವಳು.

"ನಾ ಆ ಅಚ್ಚು ಒಡದ ಮ್ಯಾಲೆ ಹುಟ್ಟೇನಿ."

ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಒಂದು ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಎಲ್ಲರೂ ನಕ್ಕರು.

ಅಕ್ಕ ನಗುವುದಕ್ಕೆ ಸೇರಿದರೂ ಮಾತಿಗೆ ಸೇರುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಆ ಜಪಾನಿ ಹೆಂಗಸಿನ ಕೈಗಳನ್ನು. "ಆಕಿ ಒಲಿ ಮುಂದ ಕುಂದ್ರೂದು ನೋಡ್ರಿ. ಆಕಿಗೆ ಖರೇನ ಕೆಲಸಾ ಬರತೈತಿ" ಎಂದು ಒಮ್ಮೆ ಹೇಳಿದ್ದು ನೆನಪಿದೆ.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅವಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ಗಂಡ ಇನ್ನೊಬ್ಬಳನ್ನು ಮನೆಗೆ ತಂದ. ಅಕ್ಕ ಒಂದು ಚೀಲ ಹಿಡಿದು ಬಸ್ಸು ಹತ್ತಿ ಬಂದಳು. ಅಪ್ಪ ಆಗಲೇ ತೀರಿಕೊಂಡಿದ್ದ. ಅಂದಿನಿಂದ ಅವಳು ನಮ್ಮ ಮನೆಯವಳು. ನನ್ನ ಮದುವೆಯ ಮಾತಿಗೆ ಬಂದವರಿಗೆ ಮೊದಲೇ ಹೇಳಿದ್ದೆ, ಅಕ್ಕ ಇರುವ ಮನೆ, ಒಪ್ಪಿಗೆಯಾದರೆ ಕೊಡಿ ಎಂದು. ಊರಲ್ಲಿ ನಾಲ್ಕು ಜನ ನನ್ನ ಬಗ್ಗೆ ಒಳ್ಳೆಯ ಮಾತಾಡಿದರೆ ಅದರಲ್ಲಿ ಒಂದು ಮಾತು ಅಕ್ಕನನ್ನು ಇಟ್ಟುಕೊಂಡ ಬಗ್ಗೆ ಇರುತ್ತದೆ. ಆ ಮಾತು ನನಗೆ ಬೇಕಾಗಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಧಾರಾವಾಹಿ ಅರ್ಧಕ್ಕೆ ಬಂದಾಗ ಹೆಂಡತಿ ಮತ್ತು ಮಗಳು ಮದುವೆಯೊಂದಕ್ಕೆ ಮುನವಳ್ಳಿಗೆ ಹೋದರು. ಕತೆ ಹೇಳುವವರು ಇಲ್ಲದಾಯಿತು. ಟಿವಿ ಹಚ್ಚುವುದು ಅಕ್ಕನಿಗೆ ಗೊತ್ತಿತ್ತು. ಮಾತು ತಿಳಿಯುವುದು ಹೇಗೆ?

"ಅಕ್ಕಾ, ನೀನ ಹೇಳ. ಇಷ್ಟ ದಿನಾ ನೋಡಿ ನಿನಗ ತಿಳಿಯಾಂಗಿಲ್ಲೇನ?" ಎಂದಳು ಎದುರು ಮನೆಯವಳು.

ಅಕ್ಕ ಹೇಳಲು ಶುರುಮಾಡಿದಳು. ಮೊದಲ ದಿನ ತಡವರಿಸಿದಳು. ಮರುದಿನ ನಾನು ಉಣ್ಣಲು ಕುಳಿತಾಗ ಅವಳು ನೀರು ಕುಡಿದಂತೆ ಹೇಳುತ್ತಿದ್ದಳು. ಇಂಗ್ಲಿಷಿನ ಒಂದಕ್ಷರವೂ ಓದಲು ಬಾರದವಳಿಗೆ ಇದೆಲ್ಲ ಹೇಗೆ ತಿಳಿಯಿತೆಂದು ಅವ್ವ ಕೇಳಲಿಲ್ಲ. ಕತೆ ನಡೆದರೆ ಅವ್ವನಿಗೆ ಸಾಕಾಗಿತ್ತು.

ಟಿವಿಯಲ್ಲಿ ಆ ಹೆಂಗಸು ಚಾಪೆಯ ಮೇಲೆ ಮಂಡಿಯೂರಿ ಕುಳಿತಿದ್ದಳು. ಎದುರಿಗೆ ತಲೆ ನೆರೆತ ಒಬ್ಬ ಗಂಡಸು. ಅವಳು ಹಣೆ ಚಾಪೆಗೆ ತಾಗುವಂತೆ ಬಾಗಿ ಏನೋ ಹೇಳಿದಳು. ಅಕ್ಕ ಪಾಕೀಟಿಗೆ ರೊಟ್ಟಿ ತುಂಬುತ್ತಲೇ ಹೇಳಿದಳು:

"ತಮ್ಮಗ ಹೇಳಾಕತ್ತಾಳ. 'ನೀ ನನ್ನ ಕೈ ಬಿಡಲಿಲ್ಲ. ನಿನ್ನ ಮನ್ಯಾಗ ಉಂಡೇನಿ, ದುಡದೇನಿ. ಇನ್ನ ನನಗ ನನ್ನದ ಒಂದು ಒಲಿ ಬೇಕು. ರಟ್ಟಿ ಗಟ್ಟಿ ಇದ್ದಾಗನ ಹೋಗಬೇಕು' ಅಂತಾಳ."

"ಈಕಿಗೆ ತಮ್ಮ ಎಲ್ಲಿಂದ ಬಂದ? ನಿನ್ನಿತನಾ ಇರಲಿಲ್ಲಲ್ಲ" ಎಂದಳು ಅವ್ವ.

"ದೂರ ದುಡಿಯಾಕ ಹೋಗಿದ್ದ. ಈಗ ಬಂದಾನ."

"ತಮ್ಮ ಅಂತಿ, ಅವನ ತಲಿ ನೋಡಿದರ ಈಕಿ ಅಪ್ಪನಂಗ ಅದಾನ."

"ಜಪಾನಿನಾಗ ಲಗೂನ ನೆರೀತಾರಬೇ" ಎಂದಳು ಅಕ್ಕ.

ಎಂದೂ ಸುಮ್ಮನಿರದ ಎದುರು ಮನೆಯವಳು ಅಂದು ತಲೆ ತಗ್ಗಿಸಿ ರೊಟ್ಟಿ ಎಣಿಸುತ್ತಿದ್ದಳು. ಅವ್ವ ಮುಂದಕ್ಕೆ ಬಾಗಿ ಕೇಳಿದಳು, "ಮತ್ತ ಅಂವಾ ಏನಂದಾ?"

ಟಿವಿಯ ಗಂಡಸು ಬಾಯಿ ತೆರೆದು ಏನೋ ದೊಡ್ಡದಾಗಿ ಮಾತಾಡುತ್ತಿದ್ದ. ಅಕ್ಕ ಅವನನ್ನು ಒಂದಿಷ್ಟು ಹೊತ್ತು ನೋಡಿದಳು. "ಇನ್ನೂ ಏನೂ ಅಂದಿಲ್ಲ" ಎಂದಳು.

ನಾನು ಉಂಡು ಕೈ ತೊಳೆದು ಶೆಡ್ಡಿಗೆ ಹೋದೆ.

ಮಗಳು ಮುನವಳ್ಳಿಯಿಂದ ಬಂದವಳು ತಪ್ಪಿದ ಕಂತುಗಳನ್ನು ಒಬ್ಬಳೇ ಕೂತು ನೋಡಿದಳು. ಆ ಚಾಪೆಯ ದೃಶ್ಯ ಬಂದಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಅಣ್ಣನೋ ತಮ್ಮನೋ ಏನಂದ ಎಂದು ಕೇಳಿದೆ.

"ಯಾವ ತಮ್ಮ ಅಪ್ಪಾ? ಆತ ಅಂಗಡಿ ಮಾಲಕ. ಈಕಿ ಸಾಮಾನು ಮಾರಾಕ ಒಂದು ಗಾಡಿ ಬಾಡಿಗಿ ಕೇಳಾಕ ಹೋಗ್ಯಾಳ. ಆತ ಒಲ್ಲೆ ಅಂದಾನ. ತಮ್ಮ ಗಿಮ್ಮ ಯಾರೂ ಇಲ್ಲ."

"ನಿಮ್ಮತ್ತಿ ಬ್ಯಾರೆ ಹೇಳಿದಳು."

"ಅತ್ತಿಗೇನ ಇಂಗ್ಲಿಷ್ ಬರತೈತಿ?" ಎಂದು ಮಗಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ನಾನು ಹಿತ್ತಲಿಗೆ ಹೋದೆ. ಅಕ್ಕ ಹೊರಗಿನ ಒಲೆಯ ಬೂದಿ ತೆಗೆಯುತ್ತಿದ್ದಳು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನೇರ ಕೇಳಿದೆ.

"ಅಕ್ಕಾ, ಎಲ್ಲಿ ಹೊಂಟಿ?"

ಅವಳು ಬೂದಿಯ ಬುಟ್ಟಿ ಕೆಳಗಿಟ್ಟಳು. "ಯರಗಟ್ಟಿಗೆ. ಬಸ್ ಸ್ಟ್ಯಾಂಡ್ ಹಂತ್ಯಾಕ ಒಂದು ಖೋಲಿ ಐತಿ. ಎದುರ ಮನಿಯಾಕಿ ಅಣ್ಣಂದು. ಮುಂದ ಅಂಗಡಿ, ಹಿಂದ ಇರಾಕ ಜಾಗಾ. ಸಂತಿ ದಿನಾ ಅಷ್ಟ ಮಂದಿ ಬರತಾರ, ಒಂದು ಛಲೋ ರೊಟ್ಟಿ ಊಟ ಸಿಗೂದಿಲ್ಲ."

"ನೋಡಿ ಬಂದೀ?"

"ಬಂದೇನಿ."

"ನಾ ನಿನಗ ಏನ ಕಡಿಮಿ ಮಾಡೇನಿ?"

"ಏನೂ ಕಡಿಮಿ ಮಾಡಿಲ್ಲ. ಅದಕ್ಕ ಕೇಳಾಕ ಬಾಯಿ ಬರಲಿಲ್ಲ."

"ನಿನಗ ಬಾಯಿ ಬರಲಿಲ್ಲಂತ ಆ ಜಪಾನಿಯಾಕಿ ಬಾಯಿಲೆ ಹೇಳಿಸಿದೆಲ್ಲ?"

"ಆಕಿ ಒಲ್ಲೆ ಅನ್ನಲಿಲ್ಲಲ್ಲ" ಎಂದಳು ಅಕ್ಕ.

ನನಗೆ ಸಿಟ್ಟು ಬಂದಿತ್ತು. ತಮ್ಮನೇ ಮನೆಯಿಂದ ಹೊರಗೆ ಹಾಕಿದ, ಈ ವಯಸ್ಸಿನಲ್ಲಿ ಅಕ್ಕ ಪರವೂರಲ್ಲಿ ರೊಟ್ಟಿ ಬಡಿದು ಉಣ್ಣುತ್ತಾಳೆ, ಹೀಗೆ ಆಡಿಕೊಳ್ಳುವವರ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು. "ಮಂದಿ ಏನಂತಾರ?" ಎಂದೆ.

"ಮಂದಿ ಏನಂತಾರ? ರೊಟ್ಟಿ ಎಷ್ಟಕ್ಕೊಂದು ಅಂತಾರ."

ತಿರುಗಿ ಒಳಗೆ ಬಂದೆ. ಮುಂದೆ ಕೆಲವು ದಿನ ಊಟಕ್ಕೆ ನೀಡುವವಳು ಅವಳೇ, ಸಾಕು ಎಂದು ಕೈ ಅಡ್ಡ ಹಿಡಿಯುವವನು ನಾನೇ. ಅವ್ವ ಎರಡೂ ಕಡೆ ನೋಡಿ ಟಿವಿ ಕಡೆ ತಿರುಗುತ್ತಿದ್ದಳು.

ಆ ದಿನಗಳಲ್ಲಿ ಶೆಡ್ಡಿನಲ್ಲಿ ಒಂದು ವಿಷಯ ತಲೆಗೆ ಬಂತು. ನಾನೂ ಸವದತ್ತಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಕೆಲಸ ಕಲಿತವನು. ಉಣ್ಣಿಸಿ, ಉಡಿಸಿ, ಕಲಿಸಿದವರು ಅವರು. ಬಿಟ್ಟು ಬರುವಾಗ ಅವರಲ್ಲಿ ಏನೂ ಕೊರತೆಯಿರಲಿಲ್ಲ. ನನ್ನ ಬಾಗಿಲ ಮೇಲೆ ನನ್ನ ಬೀಗ ಇರಬೇಕೆನಿಸಿತ್ತು, ಅಷ್ಟೇ. ನನ್ನನ್ನು ಯಾರೂ ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಗಂಡು ಮಗ ಸ್ವಂತ ಅಂಗಡಿ ಹಾಕಿದ ಎಂದರು.

ಒಂದು ಟ್ರೇಲರು ಮುಟ್ಟಿಸಲು ಯರಗಟ್ಟಿಗೆ ಹೋದಾಗ ಆ ಖೋಲಿ ನೋಡಿ ಬಂದೆ. ಗೋಡೆ ಗಟ್ಟಿಯಿತ್ತು, ಬಾಗಿಲು ಪರವಾಗಿಲ್ಲ. ಮಾಡು ತಗಡಿನದು, ಹೊಗೆ ಹೋಗಲು ದಾರಿಯೇ ಇರಲಿಲ್ಲ. ಅಲ್ಲಿ ಒಲೆ ಹಚ್ಚಿದರೆ ಬಂದ ಗಿರಾಕಿ ಉಣ್ಣದೆ ಕೆಮ್ಮುತ್ತ ಓಡಬೇಕು. ಮನೆಗೆ ಬಂದು ಅಕ್ಕನಿಗೆ ಅಷ್ಟೇ ಹೇಳಿದೆ, "ಆ ಖೋಲಿಗೆ ಹೊಗಿ ಹೋಗಾಕ ದಾರಿ ಇಲ್ಲ. ಕೊಳವಿ ಕೂಡಸಬೇಕು."

"ಯಾರ ಕೂಡಸ್ತಾರ?" ಎಂದಳು.

"ನಿನಗ ಯಾರ ಬೇಕು?" ಎಂದೆ.

ನಮ್ಮ ನಡುವೆ ಆದ ತೀರ್ಮಾನ ಅಷ್ಟೇ. ದಪ್ಪ ತಗಡಿನಲ್ಲಿ ಕೊಳವೆ ಮಾಡಿದೆ. ಮಳೆ ನೀರು ಒಳಗೆ ಬಾರದಂತೆ ಮೇಲೊಂದು ಟೊಪ್ಪಿಗೆ. ಒಲೆಯನ್ನು ಅವಳು ಕೂರುವ ಎತ್ತರಕ್ಕೆ ಕೂಡಿಸಿದೆ. ಕೆಲಸ ಚೆನ್ನಾಗಿ ಬಂತು.

ಹೊರಡುವ ದಿನ ತಕರಾರು ತೆಗೆದವಳು ಅವ್ವ. ತವರಿನಿಂದ ಹೋಗುವ ಮಗಳಿಗೆ ನಮ್ಮಲ್ಲಿ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಗಂಡನ ಮನೆಗೆ ಕಳಿಸುತ್ತಾರೆ. ಅವ್ವ ಬಾಗಿಲಲ್ಲಿ ಕೂತು ಹೇಳಿದಳು, "ಮಗಳ್ನ ಬರಿ ಸೆರಗಿನಾಗ ಕಳಸಾಕ ಬರೂದಿಲ್ಲ. ಗಂಡನ ಮನಿಗೆ ಹೋಗೂ ಮಗಳಿಗೆ ಉಡಿ ತುಂಬತೇವಿ. ಅಂಗಡಿಗೆ ಹೋಗೂ ಮಗಳಿಗೆ ಏನ ತುಂಬತಾರ? ನಮ್ಮ ಹಿರ್ಯಾರು ಹೇಳಿಲ್ಲ."

ಹೊರಗೆ ಟೆಂಪೊ ನಿಂತಿತ್ತು. ಚಾಲಕ ಒಮ್ಮೆ ಹಾರ್ನ್ ಬಾರಿಸಿದ. ಅವನ ಹೆಂಡತಿ ಬೀದಿಯಿಂದಲೇ ಕೂಗಿದಳು, "ರೊಟ್ಟಿ ಬಡಿಯಾಕ ಹೋಗಾಕಿಗೆ ಅಕ್ಕಿ ತಗೊಂಡು ಏನ ಮಾಡೂದೈತ್ರಿ ಅವ್ವಾರ? ಜ್ವಾಳಾ ತುಂಬ್ರಿ!"

ಅವ್ವ ಅವಳನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆವು. ಅವ್ವ ಸೊಸೆಗೆ ಹೇಳಿದಳು, "ಬಿಳಿ ಜ್ವಾಳಾ ತಾ. ಹುಳಾ ಹತ್ತಿದ್ದು ತಂದಗಿಂದಿ." ಹೆಂಡತಿ ಬೊಗಸೆ ಬೊಗಸೆ ಜೋಳ ಹಾಕಿದಳು. ಅಕ್ಕ ಸೆರಗು ಬಿಗಿಹಿಡಿದು, ಟೆಂಪೊದ ಮುಂದಿನ ಸೀಟಿನಲ್ಲಿ ಕೂತು ಹೋದಳು. ಅಳು ಗಿಳು ಏನೂ ನಡೆಯಲಿಲ್ಲ.

ಊರಲ್ಲಿ ಮಾತಾಡುವವರು ಮಾತಾಡಿದರು. ಒಬ್ಬಿಬ್ಬರು ಶೆಡ್ಡಿಗೇ ಬಂದು, "ಅಕ್ಕನ್ನ ಕಳಿಸಿದೆಂತ?" ಎಂದರು. ಕಳಿಸಲಿಲ್ಲ, ಹೋದಳು ಎಂದೆ. ಎರಡಕ್ಕೂ ವ್ಯತ್ಯಾಸವಿದೆ, ತಿಳಿಯದವರಿಗೆ ಬಿಡಿಸಿ ಹೇಳುವ ಪುರಸೊತ್ತು ನನಗಿರಲಿಲ್ಲ. ಧಾರಾವಾಹಿ ನೋಡುವುದೂ ನಿಂತಿತು. ಮಗಳಿಗೆ ಕಾಲೇಜು ಶುರುವಾಗಿತ್ತು. ಒಂದೆರಡು ಕಂತು ಹಚ್ಚಿ ನೋಡಿದ ಅವ್ವ, ಅಕ್ಕ ಹೇಳಿದಷ್ಟು ಚಲೋ ಯಾರಿಗೂ ಹೇಳಲು ಬರುವುದಿಲ್ಲ ಎಂದು ಬಂದ್ ಮಾಡಿಸಿದಳು.

ಶ್ರಾವಣ ಬಂತು. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಓಣಿಯ ಗಂಡಸರೆಲ್ಲ ಹಾಗೆ ಹೊರಟಾಗ ಇಷ್ಟು ವರ್ಷ ನಾನು ಶೆಡ್ಡಿನಲ್ಲಿ ಇರುತ್ತಿದ್ದೆ. ನನ್ನ ಅಕ್ಕ ಮನೆಯಲ್ಲೇ ಇದ್ದಳಲ್ಲ. ಈ ಸಲ ಅವ್ವ ಬೆಳಿಗ್ಗೆಯೇ ನನ್ನ ಬಿಳಿ ಅಂಗಿ ತೆಗೆದಿಟ್ಟಿದ್ದಳು. ಹಬ್ಬಕ್ಕೆ ಕಟ್ಟಿದ ಉಂಡಿಯ ಗಂಟು ಕೊಟ್ಟು, "ಹೋಗು, ಕರಕೊಂಡ ಬಾ" ಎಂದಳು.

ಯರಗಟ್ಟಿಗೆ ಹೋದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹಬ್ಬದ ಹಿಂದಿನ ದಿನ ಮನೆಮನೆಗೂ ರೊಟ್ಟಿ ಬೀರುವ ದಿನ. ಬಡಿಯಲು ಆಗದವರೆಲ್ಲ ಅಲ್ಲಿ ಸಾಲು ಹಚ್ಚಿದ್ದರು. ಇನ್ನಿಬ್ಬರು ಹೆಂಗಸರು ಅಕ್ಕನ ಆಚೀಚೆ ಕೂತು ಬಡಿಯುತ್ತಿದ್ದರು. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು.

"ಪಂಚಮಿಗೆ ಕರಿಯಾಕ ಬಂದೇನಿ" ಎಂದೆ.

"ಇವತ್ತ ಹ್ಯಾಂಗ ಬರಲೋ ತಮ್ಮಾ? ಇಡೀ ಯರಗಟ್ಟಿ ಬಾಗಲದಾಗ ನಿಂತೈತಿ. ನಾಳೆ ಮೊದಲ್ನೇ ಬಸ್ಸಿಗೆ ಬರತೇನಿ."

"ಅವ್ವಗ ಏನ ಹೇಳ್ಲಿ?"

"ಮಗಳಿಗೆ ಪುರಸೊತ್ತಿಲ್ಲಂತ ಹೇಳು."

ನನ್ನ ಹಿಂದೆ ನಿಂತವನೊಬ್ಬ ಭುಜ ಮುಟ್ಟಿ, "ಮಾಲಕರ, ತಗೊಂಡಿದ್ದರ ಸರೀರಿ, ನಮಗೂ ಊರಿಗೆ ಹೋಗೂದೈತಿ" ಎಂದ. ಸರಿದೆ. ಉಂಡಿಯ ಗಂಟನ್ನು ಅಕ್ಕನ ಪಕ್ಕದಲ್ಲಿಟ್ಟು, ಖಾಲಿ ಕೈಯಲ್ಲಿ ಬೈಲಹೊಂಗಲಕ್ಕೆ ಬಂದೆ.

ಮರುದಿನ ಹೇಳಿದ ಬಸ್ಸಿಗೇ ಅವಳು ಬಂದಳು. ಹೊಸ ಸೀರೆ ಉಟ್ಟಿದ್ದಳು. ಹೆಂಡತಿ ಕಾಲಿಗೆ ನೀರು ಕೊಟ್ಟಳು, ಅವ್ವ ನಡುಮನೆಯಲ್ಲಿ ಚಾಪೆ ಹಾಸಿ ಕೂಡಿಸಿದಳು. ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುವ ಸದ್ದಾಯಿತು. ಅಕ್ಕ ಏಳಲು ಹೋದಳು.

"ಕುಂದ್ರ. ಹಬ್ಬಕ್ಕ ಬಂದ ಮಗಳು ಕೆಲಸಾ ಮಾಡೂದಿಲ್ಲ" ಎಂದಳು ಅವ್ವ.

ಅಕ್ಕ ಕೂತಳು. ಎರಡೂ ಕೈಗಳನ್ನು ಒಮ್ಮೆ ತೊಡೆಯ ಮೇಲಿಟ್ಟಳು, ಒಮ್ಮೆ ಚಾಪೆಯ ಮೇಲಿಟ್ಟಳು, ಎಲ್ಲಿಯೂ ಸರಿಹೋಗಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ಇನ್ನೆರಡು ದಿನ ಇರು ಎಂದು ಅವ್ವ ಬಾಯಿಮಾತಿಗೆ ಹೇಳಿದಳು. ಹಿಟ್ಟು ಬೀಸಲು ಹಾಕಿದ್ದೇನೆ, ಗಿರಣಿಯವನು ಬಾಗಿಲು ಹಾಕುವುದರೊಳಗೆ ಮುಟ್ಟಬೇಕು ಎಂದಳು ಅಕ್ಕ. ಬಸ್ ಸ್ಟ್ಯಾಂಡಿನವರೆಗೆ ಅವಳ ಚೀಲ ನಾನು ಹಿಡಿದೆ.