ತೊಗಲೋ ಬಟ್ಟೆಯೋ

ಭೀಮರಾಜ್ ಹಾಸನಕ್ಕೆ ವರ್ಗ ಕೇಳಿ ಆರು ಅರ್ಜಿ ಹಾಕಿದ್ದರು. ಪ್ರತಿ ಸೋಮವಾರ ಬೆಳಗ್ಗೆ ಅರಸೀಕೆರೆಯಿಂದ ಬೆಂಗಳೂರಿನ ರೈಲು, ಶುಕ್ರವಾರ ಸಂಜೆ ವಾಪಸ್. ನಡುವಿನ ದಿನಗಳಿಗೆ ಒಂದು ಬಾಡಿಗೆ ರೂಮು. ಹೆಂಡತಿ ಮಂಜುಳಾ ಬಾಣಾವರದ ಶಾಲೆಯಲ್ಲಿ ಶಿಕ್ಷಕಿ, ಊರು ಬಿಡುವಂತಿರಲಿಲ್ಲ. ಹಾಸನವಾದರೆ ದಿನವೂ ಮನೆಗೆ ಬಂದು ಉಣ್ಣಬಹುದಿತ್ತು. ಅವರು ಕೇಳಿದ್ದು ಅಷ್ಟೇ.

ಕಸ್ಟಮ್ಸ್ ಕಚೇರಿಯಲ್ಲಿ ಅವರ ಕೆಲಸ ವಿದೇಶದಿಂದ ಬಂದ ಪಾದರಕ್ಷೆಗಳು ಸುಂಕದ ಪಟ್ಟಿಯ ಯಾವ ಸಾಲಿಗೆ ಸೇರುತ್ತವೆಂದು ಬರೆಯುವುದು. ಮೇಲಿನ ಹೊದಿಕೆ ತೊಗಲೋ, ಬಟ್ಟೆಯೋ, ರಬ್ಬರೋ, ಅಡಿಯ ಅಟ್ಟೆ ಯಾವುದರದು. ಸಾಲು ಬದಲಾದರೆ ಸುಂಕ, ಲೈಸೆನ್ಸು ಎಲ್ಲವೂ ಬದಲು. ಕೆಲಸಕ್ಕೆ ಸೇರಿದ ದಿನ ಆಗಿನ ಮೇಲಧಿಕಾರಿ ಜಾತಿ ಪ್ರಮಾಣಪತ್ರ ನೋಡಿ, "ನಿಮಗೆ ಚಪ್ಪಲಿ ವಿಭಾಗವೇ ಸರಿ ಕಣ್ರೀ, ಕಲಿಸೋ ಕಷ್ಟ ಇಲ್ಲ" ಎಂದಿದ್ದರು. ಅವರು ನಿವೃತ್ತರಾದರು. ಭೀಮರಾಜ್ ಅಲ್ಲೇ ಉಳಿದರು.

ತಂದೆ ಜವರಯ್ಯ ಅರಸೀಕೆರೆ ಬಸ್ ನಿಲ್ದಾಣದ ಬಳಿ ಕೂತು, ಬೇಲೂರು ಹಳೇಬೀಡಿಗೆ ಹೊರಟವರ ಕಿತ್ತ ಚಪ್ಪಲಿ ಹೊಲಿದು ಮಗನನ್ನು ಬಿ.ಎ. ಓದಿಸಿದ್ದರು. ತೊಗಲು ಕೊಯ್ಯುವ ರಂಪಿಗೆಯನ್ನು ಮಗ ಮುಟ್ಟಬಾರದೆಂದೇ ಓದಿಸಿದ್ದು.

೧೯೯೮ರ ಆಗಸ್ಟ್‌ನಲ್ಲಿ ಏಳನೆಯ ಅರ್ಜಿ ಸಾಹೇಬರ ಮೇಜು ಮುಟ್ಟಿತು. ಅದೇ ವಾರ ಒಂದು ಕಂಟೇನರ್ ಶೂ ಬಂದಿಳಿಯಿತು. ಆಮದುದಾರರ ಕಾಗದದ ಪ್ರಕಾರ ಅವು ಬಟ್ಟೆಯ ಶೂಗಳು, ಮೇಲಿನ ತೊಗಲಿನ ಪಟ್ಟಿಗಳು ಗಟ್ಟಿತನಕ್ಕೆ ಮಾತ್ರ. ಗಟ್ಟಿತನಕ್ಕೆಂದು ಹೊಲಿದದ್ದನ್ನು ನಿಯಮ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣ್ಣಿಗೆ ಕಾಣುತ್ತಿದ್ದುದು ಮುಕ್ಕಾಲು ಪಾಲು ತೊಗಲು. ಪ್ರಯೋಗಾಲಯದವರು ಎರಡೂ ಇವೆ ಎಂದು ಬರೆದು ಕೈತೊಳೆದುಕೊಂಡರು.

ಪಕ್ಕದ ಮೇಜಿನ ಶಿವಯ್ಯ ಹಾರನಹಳ್ಳಿಯವರು. "ನಿರ್ಧರಿಸಲಾಗದು ಅಂತ ಬರ್ದು ಕಳ್ಸಿ ಭೀಮಣ್ಣ. ಇದನ್ನೂ ನೀವೇ ಬಗೆಹರಿಸಿದ್ರೆ ಸಾಹೇಬ್ರು ನಿಮ್ಮನ್ನ ಬಿಡ್ತಾರಾ? ಏನೂ ಬರದೋನ್ನೇ ಮೊದ್ಲು ಕಳ್ಸೋದು. ನನ್ನೇ ನೋಡಿ, ಮೂರು ಸಲ ವರ್ಗ ಆಗೈತೆ."

ಭಾನುವಾರ ಮನೆಯಲ್ಲಿ ಭೀಮರಾಜ್ ತಂದೆಗೆ ವಿಷಯ ಹೇಳಿದರು.

"ಬಿಚ್ಚಿ ನೋಡಿದ್ಯೇನ್ಲಾ?" ಎಂದರು ಜವರಯ್ಯ.

"ಬ್ಲೇಡಲ್ಲಿ ಅಡ್ಡ ಕೊಯ್ದು ನೋಡಿದ್ವಿ."

"ಅಡ್ಡ ಕೊಯ್ಯಕೆ ಅದೇನು ಕುಂಬಳಕಾಯಾ? ಹೊಲಿಗೆ ಬಿಚ್ಚಿ ತೊಗಲು ತೆಗಿ. ಅಡೀಲಿರೋ ಬಟ್ಟೆ ಒಂದೇ ಕಾಲು ಹಿಡ್ದು ನಿಂತ್ರೆ ಅದು ಬಟ್ಟೆ ಜೋಡು. ನಿಲ್ನಿಲ್ಲ ಅಂದ್ರೆ ಬರೀ ಒಳಗಿನ ಅಸ್ತರ್."

ಸುಂಕದ ಪುಸ್ತಕದ ಟಿಪ್ಪಣಿ ಅರ್ಧ ಪುಟದಲ್ಲಿ ಹೇಳುವುದೂ ಇದನ್ನೇ. ಜವರಯ್ಯ ಎದ್ದು ಹೋಗಿ ರಂಪಿಗೆಯನ್ನು ಪೇಪರಿನಲ್ಲಿ ಸುತ್ತಿ ತಂದರು.

"ಮುಟ್ಟಬ್ಯಾಡ ಅಂತ ನೀನೇ ಅಂದಿದ್ದೆ" ಎಂದರು ಮಗ.

"ಹೊಟ್ಟೆಪಾಡಿಗೆ ಮುಟ್ಟಬ್ಯಾಡ ಅಂದಿದ್ದೆ ಕಣ್ಲಾ. ಗೊತ್ತಿದ್ದೂ ಗೊತ್ತಿಲ್ಲ ಅಂತ ರುಜು ಹಾಕು ಅಂದಿದ್ನಾ?"

ಸೋಮವಾರ ಮಧ್ಯಾಹ್ನ ಆಮದುದಾರರ ಏಜೆಂಟನ ಎದುರು ಭೀಮರಾಜ್ ಒಂದು ಶೂ ಹಿಡಿದು ಕೂತರು. ರಂಪಿಗೆಯ ಮೂಲೆಯಿಂದ ಒಂದೊಂದೇ ಹೊಲಿಗೆ ಎಬ್ಬಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪಟ್ಟಿಗಳೆಲ್ಲ ಕಳಚಿದ ಮೇಲೆ ಉಳಿದದ್ದು ದೀಪದ ಬತ್ತಿಗೂ ತೆಳುವೆನಿಸುವ ಬಟ್ಟೆ. ಅದನ್ನು ತಮ್ಮ ಕಾಲಿಗೇ ಹಾಕಿಕೊಂಡು ನಡೆದರು. ಮೂರನೆಯ ಹೆಜ್ಜೆಗೆ ಹೆಬ್ಬೆರಳು ಹೊರಬಂತು. ಹೊದಿಕೆ ತೊಗಲಿನದು ಎಂದು ಬರೆದು ಭೀಮರಾಜ್ ರುಜು ಹಾಕಿದರು.

ಹದಿನೈದು ದಿನಕ್ಕೆ ಅರ್ಜಿ ಹಿಂದಿರುಗಿತು. ಅಂಚಿನಲ್ಲಿ ಒಂದೇ ಸಾಲು: ಈ ವಿಭಾಗಕ್ಕೆ ಇವರ ಸೇವೆ ಅತ್ಯಗತ್ಯ. ಹಾಸನದಲ್ಲಿ ಖಾಲಿಯಿದ್ದ ಜಾಗಕ್ಕೆ ಶಿವಯ್ಯ ಹೋದರು.

ಆ ಶುಕ್ರವಾರ ಮನೆಗೆ ಬಂದಾಗ ಜವರಯ್ಯ ಕೇಳಿದರು. "ಎಲ್ಲೋ ನನ್ ರಂಪಿಗೆ?"

"ಆಫೀಸಿನ ಡ್ರಾಯರಲ್ಲೈತೆ ಅಪ್ಪ. ಅಲ್ಲಿ ಇನ್ನೂ ಬೇಕಾಗ್ತದೆ."

"ಹಂಗಾರೆ ನಂಗೊಂದು ಹೊಸದು ಮಾಡಿಸ್ಬೇಕು" ಎಂದರು ಜವರಯ್ಯ.