ಮೌಲಾಸಾಬರ ಗಂಟು ಬಿಚ್ಚಿರಲಿಲ್ಲ

ಮೌಲಾಸಾಬರ ಗಂಟು ಬಿಚ್ಚಿರಲಿಲ್ಲ. ಹಿಡಿಕೆ ಬಿಟ್ಟವಳು ನಾನು.

ಸುಮಾ, ಬಸು, ನನ್ನ ಮೊಮ್ಮಕ್ಕಳೇ — ಈ ಎರಡು ಮಾತು ಬರೆಯಲು ನಿಮ್ಮ ಆಯಿಗೆ ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಬಾಯಿಂದಲೇ ಹೇಳೋಣವೆಂದು ಎಷ್ಟೋ ಸಲ ನಿಮ್ಮ ಮುಂದೆ ಬಂದು ಕೂತಿದ್ದೇನೆ. ಕಡೆಗೆ "ಚಾ ಮಾಡ್ಲೇನು" ಎಂದು ಎದ್ದು ಹೋಗಿದ್ದೇನೆ. ತವರೂರು ಯಂಕಂಚಿಯ ಶಾಲೆಯಲ್ಲಿ ಕಲಿತ ಅಕ್ಷರ ಅಷ್ಟಿಷ್ಟು. ಅದರಲ್ಲೇ ಬರೆಯುತ್ತೇನೆ.

ನಮ್ಮ ಶೆಡ್ಡಿನಲ್ಲಿ ಒಂದು ಮಾತು ಓಡಾಡುತ್ತದೆ. ಬೆಸುಗೆ ಸಡಿಲಾದರೆ, ನಟ್ಟು ಸರಿಯಾಗಿ ಕೂರದಿದ್ದರೆ, "ಇದೇನಲೇ, ಮೌಲಾಸಾಬನ ಗಂಟ ಆಗೇತಿ!" ಎಂದು ನಗುತ್ತೀರಿ. ನಿಮ್ಮಪ್ಪನೂ ಅನ್ನುತ್ತಾನೆ, ಕೆಲಸಕ್ಕೆ ಬರುವವರೂ ಅನ್ನುತ್ತಾರೆ, ಈಗ ಸಿಂದಗಿಯ ಬೇರೆ ವೆಲ್ಡಿಂಗ್ ಅಂಗಡಿಗಳಲ್ಲೂ ಅನ್ನುತ್ತಾರಂತೆ. ಅದು ಬರಿಯ ಮಾತೆಂದು ನೀವು ತಿಳಿದಿದ್ದೀರಿ. ಆ ಹೆಸರಿನ ಮನುಷ್ಯ ಒಬ್ಬರಿದ್ದಾರೆ — ಇನ್ನೂ ಇದ್ದಾರೆ — ಎಂದು ನಿಮಗೆ ಯಾರೂ ಹೇಳಿಲ್ಲ. ಹೇಳಬೇಕಾದವಳು ನಾನೇ.

ಹದಿನೈದು ದಿನದ ಹಿಂದೆ ಸುಮಾ ಬಂದು ಕೇಳಿದಳು: "ಆಯಿ, ಹೊಸಾ ಶೆಡ್ಡಿಗೆ ಬೋರ್ಡ ಬರಸಬೇಕು. ಹಳೇ ಶೆಡ್ಡ ಮುತ್ಯಾ ಒಬ್ಬಾಂವನ ಕಟ್ಯಾನ ಅಂತ ಬರಸೂಣೇನು?"

ನಾನು ಹೂಂ ಅನ್ನಲಿಲ್ಲ. ಒಮ್ಮೆ ಹೂಂ ಅಂದದ್ದೇ ಸಾಕಾಗಿತ್ತು.

ಆ ಕಾಲದಲ್ಲಿ ನಿಮ್ಮ ಮುತ್ಯಾ, ನನ್ನ ಯಜಮಾನರು, ಇಂಡಿ ರಸ್ತೆಯ ಬೇವಿನ ಗಿಡದ ಕೆಳಗೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದರು. ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು, ಬಿಸಿಲಾದರೆ ಕಬ್ಬಿಣ ಮುಟ್ಟುವಂತಿಲ್ಲ. ಅವರಿಗೆ ಒಂದೇ ಹಂಬಲ — ಟ್ರ್ಯಾಕ್ಟರು ಹಿಂದಿನ ಟ್ರೇಲರು ಸಮೇತ ಒಳಗೆ ಬಂದು, ಒಳಗೇ ತಿರುಗಿ ಹೊರಗೆ ಹೋಗುವಷ್ಟು ದೊಡ್ಡ ಶೆಡ್ಡು. ಕಂಬಕ್ಕೆ ಕುಣಿ ತೋಡುತ್ತಿದ್ದಾಗ ದಾರಿಹೋಕರು ನಿಂತು, "ಮಲ್ಲಪ್ಪ, ಥೇಟರ ಕಟ್ಟಾಕತ್ತೀ ಏನೋ?" ಎಂದು ಕೆಣಕುತ್ತಿದ್ದರು. "ಹೌದಪಾ, ಮದಲನೇ ಆಟಕ್ಕ ನೀನ ಬಂದು ಕುಣಿ" ಎಂದು ಇವರು ತಲೆ ಎತ್ತದೆ ಹೇಳುತ್ತಿದ್ದರು.

ಕ್ರೇನು ಗೀನು ಯಾರು ಕಂಡಿದ್ದರು? ನೀರು ಬತ್ತಿದ ಬೋರಿನಿಂದ ಕಿತ್ತ ಕೇಸಿಂಗ್ ಪೈಪನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಗೆ ರಾಟೆ ಕಟ್ಟಿದ್ದರು. ಮುರಿದ ಚಕ್ಕಡಿಯ ಅಚ್ಚನ್ನು ಕೆಳಗೆ ಎರಡು ಗೂಟಗಳ ನಡುವೆ ಕೂರಿಸಿ, ಒಂದು ತುದಿಗೆ ಹಿಡಿಕೆ ಬೆಸೆದಿದ್ದರು. ಹಿಡಿಕೆ ತಿರುಗಿಸಿದಂತೆ ಹಗ್ಗ ಅಚ್ಚಿಗೆ ಸುತ್ತಿಕೊಂಡು, ರಾಟೆಯ ಮೇಲಿಂದ ಭಾರ ಎತ್ತುತ್ತಿತ್ತು. ಕಂಬಗಳ ಮಟ್ಟ ನೋಡಲು ನೀರು ತುಂಬಿದ ತೆಳು ಪೈಪು. ಬೆಸುಗೆ ಹಾಕುವಾಗ ಮುಖಕ್ಕೆ ಹಿಡಿಯಲು ಎಣ್ಣೆ ಡಬ್ಬಿ ಕತ್ತರಿಸಿ ಅದರಲ್ಲಿ ಕರಿ ಗಾಜು ಕೂರಿಸಿದ್ದರು. ಮೇಲ್ಚಾವಣಿ ಹೊರುವ ಕಬ್ಬಿಣದ ಮುಕ್ಕೋನಗಳಿವೆಯಲ್ಲ, ಟ್ರಸ್ ಅನ್ನುತ್ತೀರಿ — ಅವುಗಳ ಅಳತೆಯನ್ನು ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಿಂದ ಬರೆದವಳು ನಾನು. "ನಿನ್ನ ಕೈಯಾಗ ಗೆರಿ ನೆಟ್ಟಗ ಬರ್ತಾವ" ಎಂದು ನನ್ನ ಕೈಗೆ ಪುಡಿ ಕೊಟ್ಟಿದ್ದರು. ನನ್ನ ಗೆರೆಯ ಮೇಲೆ ಕಬ್ಬಿಣ ಇಟ್ಟು ಬೆಸೆಯುತ್ತಿದ್ದರು. ಅಷ್ಟು ಖುಷಿ ನಾನು ಆಮೇಲೆ ಕಂಡಿಲ್ಲ — ಇರಲಿ.

ಮೌಲಾಸಾಬರು ಅವರ ಗೆಳೆಯ. ಬಾವಿಗಳಿಂದ, ಬೋರುಗಳಿಂದ ಕೆಟ್ಟ ಮೋಟಾರು ಎತ್ತಿಕೊಡುವುದು ಅವರ ಕಸುಬು. ಬಾವಿಗೆ ಗಂಡಸು ಇಳಿದಾಗ, ಮೇಲಿನ ಗಂಟು ಮೌಲಾಸಾಬರದು ಎಂದರೆ ಮನೆಯ ಹೆಂಗಸರು ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಿದ್ದರು. ಹಗ್ಗ, ರಾಟೆ ಎಲ್ಲ ಅವರೇ ತಂದುಕೊಟ್ಟಿದ್ದರು. ಟ್ರಸ್ಸಿಗೆ ಹಗ್ಗ ಬಿಗಿದು ಗಂಟಿನ ಮೇಲೆ ಅಂಗೈಯಿಂದ ತಟ್ಟಿ, "ಇನ್ನ ನಾ ಸತ್ತರೂ ಇದು ಬಿಚ್ಚಂಗಿಲ್ಲ" ಅನ್ನುತ್ತಿದ್ದರು. ಮೊದಲ ಕೆಲವು ಟ್ರಸ್ಸು ಅವರಿಬ್ಬರೇ ಎತ್ತಿದರು.

ಆ ದಿನ ಬೆಳಿಗ್ಗೆ ಇಂಡಿ ಕಡೆಯಿಂದ ಯಾರೋ ಬಂದರು. ಮೋಟಾರು ಬಾವಿಗೆ ಬಿದ್ದಿದೆ, ಬೆಳೆ ಒಣಗುತ್ತಿದೆ ಎಂದು. ಮೌಲಾಸಾಬರು ಗಂಟು ಕಟ್ಟಿ, ತಟ್ಟಿ, ಸೈಕಲ್ ಹತ್ತುವಾಗ ನನಗೆ ಹೇಳಿದರು: "ಗಂಟಿಂದು ಚಿಂತಿ ಬ್ಯಾಡ್ರಿ ವೈನಿ. ನೀವು ಹಿಡಿಕಿ ಒಂದು ಬಿಡಬ್ಯಾಡ್ರಿ."

ಹಿಡಿಕಿ ಒಂದು —

ನಿಮ್ಮ ಮುತ್ಯಾ, ನಾನು ಇಬ್ಬರೂ ತಿರುಗಿಸಿ ಟ್ರಸ್ಸನ್ನು ಕಂಬದ ತಲೆಗೆ ಏರಿಸಿದೆವು. ಅವರು ನಿಚ್ಚಣಿಕೆ ಹತ್ತಿ ಒಂದು ಕಡೆ ಬೋಲ್ಟು ಹಾಕಿದರು. ಆಮೇಲೆ ಇನ್ನೊಂದು ಕಡೆಯ ನಿಚ್ಚಣಿಕೆ ಹತ್ತಿದರು. ಹಿಡಿಕೆಯ ಮೇಲೆ ನಾನೊಬ್ಬಳೇ. ಭಾರ ಕಷ್ಟವಾಗಿದ್ದರೂ ತಡೆದಿದ್ದೆ, ಅದು ಸುಳ್ಳಲ್ಲ. ಇನ್ನು ಒಂದು ಬೋಲ್ಟು.

ಆಗ ರಸ್ತೆಯ ಕಡೆಯಿಂದ ಕೆಮ್ಮು ಕೇಳಿಸಿತು.

ನಿಮಗೆ ಇದು ಹೇಗೆ ತಿಳಿಯಬೇಕು? ಆಗ ಮನೆಯ ಹಿರಿಯರು ಬರುವ ಮುಂಚೆ ಕೆಮ್ಮುತ್ತಿದ್ದರು. ಸೊಸೆಯಂದಿರು ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿ ಎಂದು. ಅದು ನನ್ನ ಭಾವನವರ ಕೆಮ್ಮು — ನಿಮ್ಮ ದೊಡ್ಡ ಮುತ್ಯಾನದು. ಹಿಡಿಕೆ ತಿರುಗಿಸುವಾಗ ನನ್ನ ಸೆರಗು ಹೆಗಲಿಗೆ ಜಾರಿತ್ತು. ಭಾವನವರ ಮುಂದೆ ನಾನು ಎಂದೂ ಬರಿತಲೆಯಲ್ಲಿ ನಿಂತವಳಲ್ಲ, ಎಂದೂ ಎದುರು ನಿಂತು ಒಂದು ಮಾತು ಆಡಿದವಳಲ್ಲ. ಕೆಮ್ಮು ಕೇಳಿದ ಕೂಡಲೇ ನನ್ನ ಕೈ ಎರಡೂ ಸೆರಗಿಗೆ ಹೋದವು. ನಾನು ವಿಚಾರ ಮಾಡಲಿಲ್ಲ. ಕೈ ತಾವೇ ಹೋದವು.

ಹಿಡಿಕೆ ಗರಗರ ತಿರುಗಿದ್ದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಟ್ರಸ್ಸು ಆ ಒಂದು ಬೋಲ್ಟಿಗೆ ಜೋತು ಬಿದ್ದು ನಿಚ್ಚಣಿಕೆಗೆ ಬಡಿದಿತ್ತು. ಅವರು ನೆಲದ ಮೇಲಿದ್ದರು. ಮೊಣಕಾಲಿನ ಮೇಲೆ ಕಬ್ಬಿಣ.

ಜನ ಓಡಿ ಬಂದರು. ಯಾರೋ ಕುಡುಗೋಲಿನಿಂದ ಹಗ್ಗ ಕೊಯ್ದು ಟ್ರಸ್ಸನ್ನು ಸರಿಸಿದರು. ಭಾವನವರು ತಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಳುತ್ತಾ ಕೇಳಿದರು: "ಏನಾತು? ಗಂಟ ಬಿಚ್ಚಿತೇನು? ಆ ಮೌಲಾಸಾಬ ಕಟ್ಟಿದ್ದಲ್ಲಾ?"

ಸೆರಗಿನೊಳಗಿಂದ ನಾನು "ಹೂಂ" ಅಂದೆ.

ಅಷ್ಟೇ. ಅವರ ಮುಂದೆ ನಾನು ಆಡಿದ ಮೊದಲ ಮಾತು ಅದು.

ಆ ಗಳಿಗೆಯಲ್ಲಿ ಹೆದರಿ ಅಂದದ್ದು ಎಂದು ನೀವು ನನ್ನನ್ನು ಉಳಿಸಲು ನೋಡಬಹುದು. ಉಳಿಸಬೇಡಿ. ಮುಂದಿನದನ್ನೂ ಓದಿ. ಅವರನ್ನು ವಿಜಯಪುರದ ದವಾಖಾನೆಗೆ ಸೇರಿಸಿ ಮರುದಿನ ನಾನು ಮನೆಗೆ ಬಂದೆ. ಕೊಯ್ದ ಹಗ್ಗದ ತುಂಡು ಧೂಳಿನಲ್ಲಿ ಬಿದ್ದಿತ್ತು. ಅದರಲ್ಲಿ ಗಂಟು ಹಾಗೆಯೇ ಇತ್ತು, ಹುಣಸೆ ಬೀಜದ ಹಾಗೆ ಗಟ್ಟಿಯಾಗಿ. ಯಾರಾದರೂ ನೋಡಿಬಿಟ್ಟರೆ ಎಂದು ಬಿಚ್ಚಲು ಕೂತೆ. ಉಗುರು ಮುರಿಯಿತು. ಹಲ್ಲಿನಿಂದ ಕಚ್ಚಿ ಎಳೆದೆ. ಬಿಚ್ಚಲಿಲ್ಲ. ಕಡೆಗೆ ಅದನ್ನು ನೀರು ಕಾಸುವ ಒಲೆಗೆ ಹಾಕಿದೆ. ಮೌಲಾಸಾಬರ ಗಂಟು ಎಂಥದ್ದು ಎಂದು ಈ ಭೂಮಿಯ ಮೇಲೆ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಕೆಲವು ದಿನದ ಮೇಲೆ ಅವರು ಗೆಳೆಯನನ್ನು ನೋಡಲು ಮನೆಗೆ ಬಂದರು. ಕಟ್ಟೆಯ ಮೇಲೆ ಭಾವನವರು ಕೂತಿದ್ದರು, ಬಾ ಅನ್ನಲಿಲ್ಲ. ಮೌಲಾಸಾಬರು ಹೊಸ್ತಿಲ ಹೊರಗೇ ನಿಂತು ಒಳಗಿದ್ದ ನನ್ನ ಕಡೆ ಕೇಳಿದರು: "ವೈನಿ, ನನ್ನ ಗಂಟ ಬಿಚ್ಚಂಗಿಲ್ರಿ. ನೀವು ಅಲ್ಲೇ ಇದ್ದಿರಿ. ಒಂದು ಮಾತು ಹೇಳ್ರಲಾ."

ನಾನು ಅಡುಗೆಮನೆಗೆ ಹೋದೆ.

ಆಮೇಲೆ ಅವರನ್ನು ಬಾವಿಯ ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಗಂಟು ಬಿಚ್ಚುವವನ ಹಗ್ಗಕ್ಕೆ ಯಾರು ಜೀವ ಕೊಡುತ್ತಾರೆ? ಒಂದು ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಲ್ಹಾರದ ಕಡೆ ಹೋದರೆಂದು ಕೇಳಿದೆ.

ನಿಮ್ಮ ಮುತ್ಯಾ ಎದ್ದರು. ಕಾಲು ಎಳೆಯುತ್ತಲೇ ಶೆಡ್ಡು ಮುಗಿಸಿದರು. "ಇನ್ನ ಯಾರ ಕೈನೂ ನಂಬಂಗಿಲ್ಲ" ಎಂದರು. ಅಚ್ಚಿಗೆ ಹಲ್ಲಿನ ಚಕ್ರ ಬೆಸೆದು, ಕೈ ಬಿಟ್ಟರೂ ಹಿಂದಕ್ಕೆ ತಿರುಗದ ಹಾಗೆ ಕಬ್ಬಿಣದ ನಾಲಿಗೆ ಕೂರಿಸಿದರು. ಉಳಿದ ಟ್ರಸ್ಸೆಲ್ಲ ಒಬ್ಬರೇ ಎತ್ತಿದರು, ತಗಡು ಒಬ್ಬರೇ ಹೊದಿಸಿದರು. ನೀವು ಹೆಮ್ಮೆಯಿಂದ ಹೇಳುವ ಆ ಒಬ್ಬಂಟಿ ಕೆಲಸ — ಅದು ಅವರ ಶಕ್ತಿಯಿಂದ ಆಯಿತು, ನಿಜ. ಆದರೆ ನನ್ನ ಸುಳ್ಳು ಅವರಿಂದ ಗೆಳೆಯನನ್ನು ಕಿತ್ತುಕೊಂಡಿದ್ದರಿಂದ ಅವರು ಒಬ್ಬಂಟಿಯಾದರು.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ತಾವಾಗಿಯೇ ಅಂದರು: "ಮೌಲಾನ ಕೈ ಹಂಗ ತಪ್ಪಬಾರದಿತ್ತು." ನಾನು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ, ಅದೇ ಮೊಣಕಾಲಿಗೆ. ತಿಕ್ಕುತ್ತಲೇ ಇದ್ದೆ. ಆ ಹಾಸಿಗೆಯಿಂದ ಅವರು ಏಳಲಿಲ್ಲ, ಹೋಗಿಬಿಟ್ಟರು. ಈಗ ಅವರಿಗೆ ಹೇಳಲು ದಾರಿಯಿಲ್ಲ.

ಮೌಲಾಸಾಬರಿಗೆ ಹೇಳಲು ಇನ್ನೂ ದಾರಿಯಿದೆ ಎಂದು ನೆನಪಾದದ್ದು ಸುಮಾ ಬೋರ್ಡಿನ ಮಾತು ತೆಗೆದ ಮೇಲೆ. ಹೋದ ವಾರ ತವರಿಗೆ ಹೋಗುತ್ತೇನೆಂದು ಹೇಳಿ ಹೋದೆನಲ್ಲ, ನಾನು ಯಂಕಂಚಿಗೆ ಹೋಗಲಿಲ್ಲ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಕೊಲ್ಹಾರಕ್ಕೆ ಹೋದೆ. ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಮೌಲಾಸಾಬರು ಬಾಗಿಲ ಮುಂದೆ ಕೂತು ಮೀನಿನ ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಬೆರಳು ಮಾತ್ರ ಹಾಗೆಯೇ ಇವೆ.

"ಯಾರ್ರೀ?"

"ನಾ ರೀ… ಸಿಂದಗಿ ಮಲ್ಲಪ್ಪನವರ ಮನಿಯಾಕಿ." ನೋಡಿ, ಬೇರೆ ದಾರಿಯಿಲ್ಲದೆ ಗಂಡನ ಹೆಸರು ಕೂಡ ಹೇಳಿದೆ.

"ವೈನೀ! ಬರ್ರಿ, ಕುಂದರ್ರಿ. ಏ, ಯಾರದೀರಿ, ನೀರ ತರ್ರಿ!"

ನೀರು ಕುಡಿಯುವ ಮುಂಚೆಯೇ ಹೇಳಿದೆ. ಕೆಮ್ಮು, ಸೆರಗು, ಹೂಂ, ಒಲೆ — ಎಲ್ಲ. ಅವರ ಬೆರಳು ನಿಂತವು. ಬಲೆ ಕೆಳಗಿಟ್ಟರು.

"ಗೊತ್ತಿತ್ರಿ," ಎಂದರು. "ಹಗ್ಗ ಹರಿದಿದ್ದಿಲ್ಲ. ನನ್ನ ಗಂಟ ನನಗ ಗೊತ್ತಿರಂಗಿಲ್ಲೇನು? ಮತ್ತ ಉಳದದ್ದು ಹಿಡಿಕಿ. ಆದ್ರ ಕಾಲ ಮುರದಾಂವನ ಹೆಂಡ್ತಿ ಮ್ಯಾಲ ತಪ್ಪ ಹೊರಸಿದ್ರ ಯಾರು ಕೇಳ್ತಿದ್ರು?"

"ನನ್ನ ತಪ್ಪು ಹೊಟ್ಯಾಗ ಹಾಕ್ಕೋರಿ" ಎಂದೆ.

ಅವರಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ನನ್ನ ಮುಂದ ಹೇಳಿದ್ರ ಏನು ಬಂತು ವೈನಿ? ನನಗ ಮದಲ ಗೊತ್ತೈತಿ. ನನ್ನ ಮಗಾನೂ ಮೋಟಾರ ಎತ್ತತಾನ. ಮುದ್ದೇಬಿಹಾಳ, ಬಾಗೇವಾಡಿ ಎಲ್ಲಾ ಕಡೆ ಕರೀತಾರ. ಸಿಂದಗಿಗಿ ಮಾತ್ರ ಹೋಗಂಗಿಲ್ಲ. ಅಪ್ಪನ ಹೆಸರ ಹೇಳಿದ್ರ ನಗ್ತಾರಂತ." ಮತ್ತೆ ಬಲೆ ಕೈಗೆತ್ತಿಕೊಂಡರು. "ಎಲ್ಲಿ ಹೂಂ ಅಂದಿದ್ರಿ, ಅಲ್ಲೇ ಖರೇ ಹೇಳ್ರಿ. ಹೇಳತೀರಿ ಅಂದ್ರ, ಕೇಳಾಕ ನಾನೂ ಬರ್ತೇನಿ."

ಬಸ್ ನಿಲ್ದಾಣದ ತನಕ ಬಂದರು. ಬಸ್ಸು ಬರುವಾಗ ಸ್ವಲ್ಪ ನಕ್ಕು, "ಆ ಗಂಟ ಹಲ್ಲಿಲೆ ಕಚ್ಚಿದ್ರೂ ಬಿಚ್ಚಲಿಲ್ಲೇನ್ರಿ, ಖರೇನ?" ಎಂದು ಇನ್ನೊಮ್ಮೆ ಕೇಳಿದರು. ಖರೇರಿ ಎಂದೆ. ಅವರ ಮುಖ ಅರಳಿದ್ದು ನೋಡಿ ನನಗೆ ನಾಚಿಕೆಯೂ ಆಯಿತು, ಜೀವವೂ ಬಂತು.

ಅದಕ್ಕೆ ಕೇಳಿರಿ. ಸೋಮವಾರ ಹೊಸ ಶೆಡ್ಡಿನ ಮೊದಲ ಟ್ರಸ್ಸನ್ನು ಮುತ್ಯಾನ ಹಳೆಯ ಅಚ್ಚಿನಿಂದಲೇ ಎತ್ತೋಣ, ಆಮೇಲೆ ಕ್ರೇನು ಎಂದು ನೀವಿಬ್ಬರೂ ಹೇಳಿದಿರಿ. ಆ ಟ್ರಸ್ಸಿಗೆ ಹಗ್ಗ ಕಟ್ಟಲು ಮೌಲಾಸಾಬರೂ ಅವರ ಮಗನೂ ಬರುತ್ತಾರೆ. ನಾನು ಕರೆದಿದ್ದೇನೆ. ಯಾರನ್ನೂ ಕೇಳದೆ ಕರೆದಿದ್ದೇನೆ. ಬೋರ್ಡಿನ ಮೇಲೆ ಒಬ್ಬರೇ ಕಟ್ಟಿದರೆಂದು ಬರೆಸಬೇಡಿ. ಮೌಲಾಸಾಬನ ಗಂಟು ಎಂಬ ಆ ನಗೆಮಾತು ಶೆಡ್ಡಿನಲ್ಲಿ ಇನ್ನು ಯಾರ ಬಾಯಲ್ಲೂ ಬರಬಾರದು; ಬಂದರೆ, ಬಿಗಿಯಾಗಿ ಕೂತ ಬೆಸುಗೆಗೆ ಬರಲಿ.

ಹಿಡಿಕೆ ಸುಮಾ ಹಿಡಿಯಲಿ. ನನ್ನ ಕೈಯಲ್ಲಿ ಆ ಬಲ ಉಳಿದಿಲ್ಲ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಎದುರಿನ ಕುರ್ಚಿಯಲ್ಲಿ ಭಾವನವರು ಕೂತಿರುತ್ತಾರೆ. ಅಂದು ನನ್ನ ಹೂಂ ಕೇಳಿದವರು ಅವರು, ಊರಿಗೆ ಹೇಳಿದವರೂ ಅವರು, ಅವರಿಗೇ ಹೇಳಬೇಕು. ಅವರಿಗೆ ಈಗ ಕಿವಿ ಬಹಳ ಮಂದ. ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಸೆರಗಿನೊಳಗಿಂದ ಹೇಳಿದರಂತೂ ಇಲ್ಲವೇ ಇಲ್ಲ.

ಗಂಡಸರ ಮುಂದೆ ದನಿ ಎತ್ತಿ ನನಗೆ ರೂಢಿಯಿಲ್ಲ. ಸೋಮವಾರ ಕೂಗಿ ಹೇಳುತ್ತೇನೆ.