ಭೂಮಿಯ ಅಂಚಿಗೆ ಕೇಸರಿ

ವಿಜಯನಗರದಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲ. ಮಾರೇನಹಳ್ಳಿಯ ಶಾಲೆಯೊಂದಕ್ಕೆ ನಿವೃತ್ತ ಗಗನಯಾತ್ರಿಯೊಬ್ಬರು ಬರುವವರಿದ್ದರು. ತಿಂಗಳುಗಟ್ಟಲೆ ಅಂತರಿಕ್ಷದಲ್ಲಿದ್ದು ಬಂದವರು; ಈಗ ಅಲ್ಲಿ ಕಂಡದ್ದರ ಚಿತ್ರ ಬಿಡಿಸುತ್ತಿದ್ದರು. ಅವರ ಮಾತನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಶಾಲೆಯ ಆಯಾ ಲಕ್ಷ್ಮಮ್ಮ ಬಾಗಿಲ ಮುಂದೆ ಭೂಮಿಯ ದೊಡ್ಡ ರಂಗೋಲಿ ಹಾಕಿದ್ದರು. ನೀಲಿ ಗೋಳದ ಒಂದು ಅಂಚಿಗೆ ಮಾತ್ರ ತೆಳ್ಳಗೆ ಕೇಸರಿ ಪುಡಿ. ಶಾಲೆಯ ಕಾರ್ಯದರ್ಶಿಗಳು ಸಿಡುಕಿದರು: “ಭೂಮಿಗೆ ಕೇಸರಿ ಎಲ್ಲಿಂದ ಬಂತಮ್ಮ? ಮೇಲೆ ಹೋಗಿ ನೋಡಿ ಬಂದೋರ ಮುಂದೆ ಮಾನ ಕಳೀತೀಯಲ್ಲ! ಒರೆಸು ಬೇಗ.”

“ಬೆಳಗ್ಗೆಯಿಂದ ಕೂತು ಹಾಕಿದೀನಿ ಸಾರ್,” ಎನ್ನುತ್ತಲೇ ಲಕ್ಷ್ಮಮ್ಮ ಪೊರಕೆ ತರುವಷ್ಟರಲ್ಲಿ ಕಾರು ಬಂದೇಬಿಟ್ಟಿತು.

ಅತಿಥಿಗಳು ಇಳಿದು ಬಂದವರೇ ರಂಗೋಲಿಯ ಪಕ್ಕ ಮಂಡಿಯೂರಿದರು. ಕೇಸರಿ ಅಂಚಿನತ್ತ ಬಾಗಿ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಮೇಲಿನಿಂದ ಸೂರ್ಯೋದಯ ಹೀಗೇ ಕಾಣುತ್ತದೆ, ಭೂಮಿಯ ಅಂಚಿನಲ್ಲಿ ಇಷ್ಟೇ ತೆಳುವಾಗಿ. ಈ ಬಣ್ಣ ಬೆರೆಸಲು ವರ್ಷಗಳಿಂದ ಒದ್ದಾಡುತ್ತಿದ್ದೇನೆ. ಇದನ್ನು ಹಾಕಿದವರಿಗೆ ಹೇಗೆ ಗೊತ್ತಾಯಿತು, ಕೇಳಿ.

ಪೊರಕೆ ಹಿಡಿದು ಬಂದ ಲಕ್ಷ್ಮಮ್ಮನತ್ತ ತಿರುಗಿದೆ. ಕೇಳಿದೆ.

“ನೀಲಿ ಖಾಲಿಯಾಯ್ತು ಕಣಪ್ಪ. ಡಬ್ಬೀಲಿ ಅದೊಂದೇ ಉಳಿದಿತ್ತು.”

ಇದ್ದದ್ದನ್ನು ಇದ್ದ ಹಾಗೇ ಅನುವಾದಿಸಿದೆ. ಅತಿಥಿಗಳು ನಗಲಿಲ್ಲ. ಡಬ್ಬಿ ತರಿಸಿ, ತಳದಲ್ಲಿದ್ದ ಪುಡಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು. ರಂಗೋಲಿ ತುಳಿಯಲು ಮನಸ್ಸಾಗದೆ, ಶಾಲೆಯನ್ನು ಸುತ್ತಿ ಅಡುಗೆಮನೆ ಬಾಗಿಲಿನಿಂದ ಒಳಗೆ ಹೋದರು.

ಇನ್ನು ಅದನ್ನು ತುಳಿಯುವ ಧೈರ್ಯ ಯಾರಿಗಿದೆ? ಹಾರ ಹಿಡಿದ ಕಾರ್ಯದರ್ಶಿಗಳೂ ಸೇರಿ ನಾವೆಲ್ಲ ಸಾರಿನ ಪಾತ್ರೆಗಳನ್ನು ದಾಟಿಕೊಂಡೇ ಸಭೆಗೆ ಹೋದೆವು.